ಕೊಬ್ಬರಿ ಅಟ್ಟದ ಬೆಕ್ಕಿಗೆ ಅಲರ್ಜಿ ಹುಣ್ಣು: ಆಹಾರ ಮತ್ತು ಉಪಚಾರ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಕಾಯಿ ಕೆಡವಿದ ಮಾತ್ರಕ್ಕೆ ತೆಂಗು ಬೆಳೆಗಾರನ ಕೆಲಸ ಮುಗಿಯುವುದಿಲ್ಲ. ಉಂಡೆ ಕೊಬ್ಬರಿಯಾಗಬೇಕಾದರೆ ಬಲಿತ ಕಾಯಿ ಮಟ್ಟೆಯ ಸಮೇತ ಅಟ್ಟದ ಮೇಲೆ 8ರಿಂದ 12 ತಿಂಗಳು ಇರಬೇಕು. ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು, ಅಲ್ಲಾಡಿಸಿದಾಗ ಸದ್ದು ಕೊಡಬೇಕು. ಹೀಗೆ ಒಂದು ವರ್ಷದ ದುಡಿಮೆ ಮನೆಯವರ ತಲೆಯ ಮೇಲೆಯೇ ಇರುತ್ತದೆ. ಅದಕ್ಕೆ ದೊಡ್ಡ ಶತ್ರು ಇಲಿ, ಕಾವಲುಗಾರ ಬೆಕ್ಕು. ಸಂಬಳವಿಲ್ಲದ ಈ ಕಾವಲುಗಾರನಿಗೆ ಕಾಯಿಲೆಯಾದರೆ ಮಾತ್ರ ನಾವು ಗಮನ ಕೊಡುವುದು ಕಡಿಮೆ. ಹಸು ಒಂದು ಹೊತ್ತು ಮೇವು ಬಿಟ್ಟರೆ ಪಶುವೈದ್ಯರಿಗೆ ಹೇಳಿಕಳುಹಿಸುವವರು, ಬೆಕ್ಕಿನ ಕತ್ತು ಕಿತ್ತುಹೋಗಿ ರಕ್ತ ಒಸರುತ್ತಿದ್ದರೂ ಕೈಗೆ ಸಿಕ್ಕಿದ್ದನ್ನು ಸವರಿ ಸುಮ್ಮನಾಗುತ್ತಾರೆ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಬೆಕ್ಕು ಮೊದಲು ಕತ್ತು, ಕಿವಿಯ ಬುಡ ಕೆರೆದುಕೊಳ್ಳುತ್ತದೆ. ಕೂದಲು ಉದುರಿ ಹಕ್ಕಳೆ ಕಟ್ಟುತ್ತದೆ. ಮನೆಯವರು ಕಜ್ಜಿ ಎಂದುಕೊಂಡು ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ಹಚ್ಚುತ್ತಾರೆ. ಬೆಕ್ಕು ಅದನ್ನು ನೆಕ್ಕಿಕೊಳ್ಳುತ್ತದೆ. ಹುಣ್ಣು ಒಂದು ವಾರ ತಗ್ಗಿದಂತೆ ಕಂಡು ಮತ್ತೆ ಕೆರಳುತ್ತದೆ. ಆಗ ಇನ್ನೂ ಖಾರವಾದ ಮದ್ದಿನ ಹುಡುಕಾಟ ಶುರುವಾಗುತ್ತದೆ. ಕೆಲವು ಬೆಕ್ಕುಗಳು ಹುಣ್ಣಿನಿಂದ ಸಾಯುವುದಿಲ್ಲ, ಮದ್ದಿನಿಂದ ಸಾಯುತ್ತವೆ. ಈ ಹುಣ್ಣುಗಳಲ್ಲಿ ಬಹುಪಾಲಿನ ಕಾರಣ ಬೆಕ್ಕು ಮಲಗುವ ಜಾಗದಲ್ಲಿ ಇಲ್ಲವೆ ತಿನ್ನುವ ತಟ್ಟೆಯಲ್ಲಿ ಇರುತ್ತದೆ. ಅಲ್ಲಿ ಸರಿಪಡಿಸದೆ ಮೈಗೆ ಏನು ಹಚ್ಚಿದರೂ ಪ್ರಯೋಜನವಿಲ್ಲ.

ಅಲರ್ಜಿ ಎಂದರೇನು?

ಹೊರಗಿನಿಂದ ಬಂದ ರೋಗಾಣುಗಳನ್ನು ಗುರುತಿಸಿ ಎದುರಿಸುವ ಕಾವಲು ವ್ಯವಸ್ಥೆಯೊಂದು ಪ್ರತಿಯೊಂದು ಪ್ರಾಣಿಯ ದೇಹದಲ್ಲಿಯೂ ಇದೆ. ಕೆಲವು ಪ್ರಾಣಿಗಳಲ್ಲಿ ಈ ಕಾವಲು ನಿರಪಾಯಕಾರಿ ವಸ್ತುವನ್ನೂ ಶತ್ರುವೆಂದು ತಿಳಿದು ರೇಗುತ್ತದೆ. ಚಿಗಟದ ಎಂಜಲು, ಸೊಳ್ಳೆಯ ಎಂಜಲು, ಹಾಲಿನ ಅಥವಾ ಮೀನಿನ ಪ್ರೋಟೀನು, ಮನೆಯ ಧೂಳು, ಹೂವಿನ ಪರಾಗ, ಯಾವುದಾದರೂ ಆಗಬಹುದು. ಮನುಷ್ಯರಲ್ಲಿ ಕೆಮ್ಮು, ಉಬ್ಬಸ ಬಂದಾಗ ವೈದ್ಯರು ರಕ್ತ ಪರೀಕ್ಷೆ ಮಾಡಿಸಿ ಇಯೋಸಿನೋಫಿಲ್ ಹೆಚ್ಚಾಗಿದೆ ಎನ್ನುವುದನ್ನು ಬಹಳ ಮಂದಿ ಕೇಳಿರುತ್ತೀರಿ. ಅದೇ ಬಿಳಿಯ ರಕ್ತಕಣಗಳು ಬೆಕ್ಕಿನಲ್ಲಿ ಚರ್ಮಕ್ಕೆ ಬಂದು ಸೇರಿ ಹುಣ್ಣು ಮಾಡುತ್ತವೆ.

ಒಂದೇ ಮನೆಯಲ್ಲಿ ಎರಡು ಬೆಕ್ಕಿದ್ದು, ಒಂದೇ ತಟ್ಟೆಯಲ್ಲಿ ತಿಂದು, ಒಂದೇ ಗೋಣಿಚೀಲದ ಮೇಲೆ ಮಲಗಿದರೂ ಒಂದಕ್ಕೆ ಮಾತ್ರ ಹುಣ್ಣಾಗುವುದುಂಟು. ಅಲರ್ಜಿ ಆಯಾ ಪ್ರಾಣಿಯ ಮೈಗುಣ. ಐದು ವರ್ಷ ತಿಂದು ಒಗ್ಗಿದ್ದ ಆಹಾರವೇ ಆರನೆಯ ವರ್ಷ ಒಗ್ಗದೆ ಹೋಗಬಹುದು. ಆದ್ದರಿಂದ “ಮರಿಯಾಗಿದ್ದಾಗಿನಿಂದ ಇದನ್ನೇ ತಿನ್ನುತ್ತಿದೆ” ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಹುಣ್ಣಿನ ರೂಪಗಳು

ಬೆನ್ನು ಮತ್ತು ಕತ್ತಿನ ಕೂದಲನ್ನು ಎದುರು ದಿಕ್ಕಿಗೆ ಸವರಿದರೆ ನವಣೆ ಕಾಳಿನಷ್ಟು ಚಿಕ್ಕ ಹಕ್ಕಳೆಗಳು ಬೆರಳಿಗೆ ತಗಲುವುದು ಬಹಳ ಸಾಮಾನ್ಯ. ಇನ್ನು ಕೆಲವು ಬೆಕ್ಕುಗಳಲ್ಲಿ ಹೊಟ್ಟೆ ಮತ್ತು ಒಳತೊಡೆಯ ಕೂದಲು ಸವೆದು ಬೋಳಾಗುತ್ತದೆ. ಇದು ಉದುರಿದ್ದಲ್ಲ, ಬೆಕ್ಕು ಬಿಡದೆ ನೆಕ್ಕಿ ಕತ್ತರಿಸಿದ್ದು. ಯಾರೂ ನೋಡದಾಗ ನೆಕ್ಕುವುದರಿಂದ ತುರಿಕೆ ಇದೆಯೆಂದು ಮನೆಯವರಿಗೆ ತಿಳಿಯುವುದೇ ಇಲ್ಲ. ಅಂಥ ಕಡೆ ಕೆಂಪಗೆ, ಒದ್ದೆಯಾಗಿ, ಉಬ್ಬಿದ ತಟ್ಟೆಯಂಥ ಗಾಯಗಳೂ ಏಳುತ್ತವೆ. ಹಿಂದೊಡೆಯ ಹಿಂಭಾಗದಲ್ಲಿ ಹಗ್ಗ ಇಟ್ಟಂತೆ ಉದ್ದನೆಯ ಗಡಸು ಗೆರೆ, ಗದ್ದದಲ್ಲಿ ಊತ ಬರುವುದೂ ಇದೇ ಗುಂಪಿಗೆ ಸೇರಿದ್ದು.

ಮೇಲ್ದುಟಿಯ ಅಂಚು ಕೊರೆದಂತಾಗುವ ಹುಣ್ಣು ನೋಡುವುದಕ್ಕೆ ಭಯ ಹುಟ್ಟಿಸುತ್ತದೆ. ಬೆಕ್ಕಿಗೆ ಮಾತ್ರ ಅಷ್ಟೇನೂ ನೋವು ಇದ್ದಂತೆ ಕಾಣುವುದಿಲ್ಲ. ಇಂಗ್ಲಿಷ್ ವೈದ್ಯ ಪುಸ್ತಕಗಳಲ್ಲಿ ಇದಕ್ಕೆ ‘ರೋಡೆಂಟ್ ಅಲ್ಸರ್’, ಅಂದರೆ ಇಲಿ ಹುಣ್ಣು ಎಂಬ ಹಳೆಯ ಹೆಸರಿದೆ. ನಮ್ಮಲ್ಲಿಯೂ ಇಲಿ ಕಚ್ಚಿ ಆಗಿದೆ ಎನ್ನುವುದುಂಟು. ಇದರಲ್ಲಿ ಇಲಿಯ ತಪ್ಪೇನೂ ಇಲ್ಲ.

ಎಲ್ಲ ಹುಣ್ಣೂ ಅಲರ್ಜಿಯಲ್ಲ ಎಂಬುದನ್ನೂ ಮರೆಯಬಾರದು. ಕಿವಿಯ ಅಂಚಿನಿಂದ ಶುರುವಾಗಿ ಮುಖ, ಕತ್ತಿಗೆ ಹರಡುವ ದಪ್ಪ ಬೂದು ಹಕ್ಕಳೆ ನುಸಿಯಿಂದ ಬರುವ ಕಜ್ಜಿ. 1990ರ ದಶಕದ ಕೊನೆಯಿಂದ ತೆಂಗಿನ ಕಾಯಿಗೆ ನುಸಿಪೀಡೆ ತಗಲಿ ಸಿಪ್ಪೆ ಒರಟಾಗಿ ಬಿರಿದದ್ದನ್ನು ಕಂಡವರಿಗೆ ಇದನ್ನು ಊಹಿಸುವುದು ಕಷ್ಟವಲ್ಲ. ಆ ನುಸಿ ಬೇರೆ, ಈ ನುಸಿ ಬೇರೆ, ಎರಡೂ ಬರಿಗಣ್ಣಿಗೆ ಕಾಣುವುದಿಲ್ಲ. ದುಂಡಗೆ ಕೂದಲು ಹೋಗಿ ಹೊಟ್ಟು ಏಳುವುದು ಹುಳುಕಡ್ಡಿ ಇರಬಹುದು. ಇದು ಮಕ್ಕಳಿಗೆ ಅಂಟುತ್ತದೆ. ಗಂಡುಬೆಕ್ಕುಗಳು ಕಾದಾಡಿದ ಮೇಲೆ ಕೆನ್ನೆ, ಬಾಲದ ಬುಡ ಊದಿ ಕೀವು ತುಂಬುತ್ತದೆ. ಬಿಳಿಯ ಬೆಕ್ಕಿನ ಕಿವಿತುದಿ ಮತ್ತು ಮೂಗಿನ ಮೇಲೆ ವಾಸಿಯಾಗದ ಗಾಯ ಬಿಸಿಲಿನಿಂದ ಹುಟ್ಟಿದ ಕ್ಯಾನ್ಸರ್ ಆಗಿರಬಹುದು. ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇವುಗಳಲ್ಲಿ ಕೆಲವು ಕೂಡಲೇ ಬೇರ್ಪಡುತ್ತವೆ. ಆದ್ದರಿಂದ ಮೊದಲ ಸಲವಾದರೂ ಬೆಕ್ಕನ್ನು ಮುಚ್ಚಳವಿರುವ ಬುಟ್ಟಿಯಲ್ಲಿ ಹಾಕಿಕೊಂಡು ಪಶುಚಿಕಿತ್ಸಾಲಯಕ್ಕೆ ಹೋಗಿಬರುವುದು ಒಳ್ಳೆಯದು. ಹಿಡಿಯುವಾಗ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಲೇಬೇಕು. ಹುಚ್ಚು ರೋಗ ನಾಯಿಯಿಂದ ಮಾತ್ರ ಬರುವುದಲ್ಲ.

ಹಚ್ಚಬಾರದ ಮದ್ದುಗಳು

ಬೆಕ್ಕಿನ ಪಿತ್ತಜನಕಾಂಗ ನಾಯಿ, ದನ, ಮನುಷ್ಯರ ಪಿತ್ತಜನಕಾಂಗದಂತಲ್ಲ. ಕೆಲವು ರಾಸಾಯನಿಕಗಳನ್ನು ಮುರಿದು ಹೊರಹಾಕುವ ಕಿಣ್ವ ಅದರಲ್ಲಿ ತೀರಾ ಕಡಿಮೆ. ಹೀಗಾಗಿ ಬೇರೆ ಪ್ರಾಣಿಗೆ ಮದ್ದಾದದ್ದು ಬೆಕ್ಕಿಗೆ ವಿಷವಾಗುತ್ತದೆ. ಮೇಲಾಗಿ ಬೆಕ್ಕು ದಿನವಿಡೀ ಮೈ ನೆಕ್ಕಿಕೊಳ್ಳುವ ಪ್ರಾಣಿ. ಅದರ ಮೈಗೆ ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಯಿತೆಂದೇ ತಿಳಿಯಬೇಕು.

ದನದ ಉಣ್ಣೆಗೆ ಸಿಂಪಡಿಸುವ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್, ನಾಯಿಗೆ ಹಾಕುವ ಪರ್‌ಮೆಥ್ರಿನ್ ಇವುಗಳಿಂದ ಬೆಕ್ಕು ನಡುಗಿ, ಸೆಳೆತ ಬಂದು ಸಾಯುತ್ತದೆ. ನೀರು ಹೆಚ್ಚು ಬೆರೆಸಿದರೆ ಆದೀತು ಎಂಬ ಲೆಕ್ಕ ಬೇಡ. ಅಮಿಟ್ರಾಜ್ ಸಹ ಕೂಡದು. ಅಟ್ಟದ ಮೂಲೆಯಲ್ಲಿ ಹಳೆಯ ಬಿ.ಎಚ್.ಸಿ. ಪುಡಿಯ ಡಬ್ಬ ಉಳಿದಿದ್ದರೆ ಅದನ್ನು ತೆರೆಯಲೇಬಾರದು; 1997ರಲ್ಲಿಯೇ ಅದನ್ನು ನಮ್ಮ ದೇಶದಲ್ಲಿ ನಿಷೇಧಿಸಲಾಗಿದೆ. ಫಿನೈಲ್, ಸೀಮೆಎಣ್ಣೆ, ಹೊಗೆಸೊಪ್ಪಿನ ನೀರು, ಕರ್ಪೂರದ ಎಣ್ಣೆ ನಾಲ್ಕೂ ಅಪಾಯಕಾರಿ. ಬೇವಿನ ಎಣ್ಣೆ ಮನೆಯ ಮದ್ದೆಂಬ ಧೈರ್ಯದಿಂದ ಅದನ್ನು ಹಾಗೆಯೇ ಸುರಿಯುವವರಿದ್ದಾರೆ, ಅದೂ ಬೇಡ. ಮನುಷ್ಯರ ಹುಳುಕಡ್ಡಿಗೆ ಹಚ್ಚುವ ಮುಲಾಮುಗಳಲ್ಲಿ ಸ್ಯಾಲಿಸಿಲಿಕ್ ಮತ್ತು ಬೆಂಜೋಯಿಕ್ ಆಮ್ಲಗಳಿರುತ್ತವೆ, ಎರಡೂ ಬೆಕ್ಕಿಗೆ ಸಲ್ಲವು. ನೋವು ಶಮನಕ್ಕೆಂದು ಪ್ಯಾರಸಿಟಮಾಲ್ ಮಾತ್ರೆ ಕೊಟ್ಟರೆ ಅರ್ಧ ಮಾತ್ರೆಯೂ ಪ್ರಾಣ ತೆಗೆಯಬಲ್ಲದು.

ಬರಿಯ ಕೊಬ್ಬರಿ ಎಣ್ಣೆ ವಿಷವಲ್ಲ. ಒಣಗಿ ಬಿರಿದ ಹಕ್ಕಳೆ ಮೆತ್ತಗಾದೀತು, ಅಷ್ಟೆ. ನಮ್ಮ ಸೀಮೆಯ ಎಣ್ಣೆಯ ಮೇಲೆ ನನಗೂ ಅಭಿಮಾನವಿದೆ. ಆದರೆ ಚಿಗಟ ಕಚ್ಚುತ್ತಲೇ ಇರುವಾಗ ಎಣ್ಣೆ ಹಚ್ಚುವುದು, ಬೇಲಿ ಕಟ್ಟದೆ ಗಿಡಕ್ಕೆ ಗೊಬ್ಬರ ಹಾಕಿದಂತೆ.

ಮೊದಲು ಚಿಗಟ

ಬೆಚ್ಚಗಿನ ಸೀಮೆಗಳಲ್ಲಿ ಬೆಕ್ಕಿನ ಅಲರ್ಜಿಗೆ ಚಿಗಟವೇ ಮುಖ್ಯ ಕಾರಣ. ಅಲರ್ಜಿ ಇರುವ ಬೆಕ್ಕಿಗೆ ಮೈ ತುಂಬ ಚಿಗಟ ಬೇಕಾಗಿಲ್ಲ, ಕೆಲವೇ ಕಡಿತಗಳು ಸಾಕು. ಇಂಥ ಬೆಕ್ಕು ನೆಕ್ಕಿ ನೆಕ್ಕಿ ಚಿಗಟವನ್ನು ನುಂಗಿಬಿಡುವುದರಿಂದ ಹುಡುಕಿದರೂ ಸಿಗುವುದಿಲ್ಲ. “ನಮ್ಮ ಬೆಕ್ಕಿನ ಮೈಮೇಲೆ ಒಂದೂ ಚಿಗಟ ಇಲ್ಲ” ಎಂದು ಹೇಳುವ ಮೊದಲು ಒಂದು ಪರೀಕ್ಷೆ ಮಾಡಿರಿ. ಹೇನು ತೆಗೆಯುವ ಸೀರಣಿಗೆಯಿಂದ ಬಾಲದ ಬುಡ ಮತ್ತು ಕತ್ತನ್ನು ಬಾಚಿ, ಬಂದ ಕಪ್ಪು ಪುಡಿಯನ್ನು ಒದ್ದೆ ಮಾಡಿದ ಬಿಳಿಯ ಬಟ್ಟೆಯ ಮೇಲೆ ಉದುರಿಸಿರಿ. ಸುತ್ತ ಕೆಂಪು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ. ಹೀರಿದ ರಕ್ತವೇ ಹಾಗೆ ಹೊರಬಂದಿರುತ್ತದೆ. ಬೆಕ್ಕಿನ ಗುದದ ಬಳಿ ಅಕ್ಕಿನುಚ್ಚಿನಂತೆ ಲಾಡಿಹುಳುವಿನ ತುಂಡುಗಳು ಕಂಡರೂ ಚಿಗಟ ಇದೆಯೆಂದೇ ಅರ್ಥ, ಆ ಹುಳು ಹರಡುವುದು ಮುಖ್ಯವಾಗಿ ಚಿಗಟದಿಂದ.

ಬೆಳೆದ ಚಿಗಟ ಬೆಕ್ಕಿನ ಮೇಲಿರುತ್ತದೆ; ಅದರ ಸಂಸಾರ ಅಲ್ಲಿರುವುದಿಲ್ಲ. ಮೊಟ್ಟೆಗಳು ಜಾರಿ ನೆಲಕ್ಕೆ ಬೀಳುತ್ತವೆ. ಮರಿಹುಳುಗಳು ಕತ್ತಲೆಯ ಧೂಳಿನಲ್ಲಿ ಬೆಳೆದು, ಗೂಡು ಕಟ್ಟಿಕೊಂಡು ಕೋಶವಾಗುತ್ತವೆ. ಹವೆ ಅನುಕೂಲವಾಗಿದ್ದರೆ ಮೂರು ನಾಲ್ಕು ವಾರಗಳಲ್ಲಿ ಹೊಸ ಚಿಗಟ ಸಿದ್ಧ. ಇಲ್ಲವಾದರೆ ಕೋಶದೊಳಗೇ ತಿಂಗಳುಗಟ್ಟಲೆ ಕಾದಿದ್ದು, ಪ್ರಾಣಿಯ ಓಡಾಟದ ಕಂಪನ ಮತ್ತು ಬಿಸಿ ತಗಲಿದಾಗ ಹೊರಬರುತ್ತದೆ. ಕೊಬ್ಬರಿ ಅಟ್ಟವನ್ನು ಈಗ ನೆನಪಿಗೆ ತಂದುಕೊಳ್ಳಿರಿ. ಮಟ್ಟೆಯ ನಾರು, ನಾರಿನ ಪುಡಿ, ಹಳೆಯ ಗೋಣಿಚೀಲ, ಕತ್ತಲೆ, ಬೆಚ್ಚಗಿನ ಹವೆ. ಬೆಕ್ಕು ಮರಿ ಹಾಕುವುದೂ ಅಲ್ಲಿಯೇ. ಚಿಗಟಕ್ಕೆ ಇದಕ್ಕಿಂತ ಒಳ್ಳೆಯ ತೊಟ್ಟಿಲು ಬೇಕಿಲ್ಲ. ಕೆಳಗಿನ ಒಲೆಯ ಹೊಗೆ ಎಲ್ಲವನ್ನೂ ಕೊಲ್ಲುತ್ತದೆಂದು ನಂಬಿ ಕೂರುವಂತಿಲ್ಲ.

ಅಟ್ಟದಲ್ಲಿ ಕಾಯಿ ಇರುವಾಗ ಅಲ್ಲಿ ಕೀಟನಾಶಕ ಸಿಂಪಡಿಸಕೂಡದು. ನಾಳೆ ತಿನ್ನುವ ಕೊಬ್ಬರಿ ಅದು. ಕೊಬ್ಬರಿ ಸುಲಿದು ಮಾರಿ ಅಟ್ಟ ಖಾಲಿಯಾದ ದಿನಗಳೇ ಸರಿಯಾದ ಸಮಯ. ಆಗ ಮೂಲೆಮೂಲೆ ಗುಡಿಸಿ, ಕಸವನ್ನು ಮನೆಯಿಂದ ದೂರ ಒಯ್ದು ಸುಡಬೇಕು. ಗೋಣಿಚೀಲಗಳನ್ನು ಕುದಿಯುವ ನೀರಿನಲ್ಲಿ ಅದ್ದಿ ಉರಿಬಿಸಿಲಿಗೆ ಹರಡಬೇಕು. ಅಟ್ಟದ ತಳಕ್ಕೆ ಹಾಸಿದ ಬಿದಿರಿನ ದಬ್ಬೆ, ಹಲಗೆಗಳ ಸಂದಿಯಲ್ಲಿ ಕೂತ ಧೂಳನ್ನು ಮರೆಯಬಾರದು. ಕಾಯಿ ತುಂಬಿರುವಾಗ ಬೆಕ್ಕು ಮಲಗುವ ಒಂದು ಮೂಲೆಯನ್ನಾದರೂ ವಾರಕ್ಕೊಮ್ಮೆ ಗುಡಿಸಿ, ಅಲ್ಲಿ ತೊಳೆಯಬಹುದಾದ ಹಳೆಯ ಸೀರೆಯ ತುಂಡನ್ನು ಹಾಸಿದರೆ ಬೆಕ್ಕು ಅದನ್ನೇ ಹಿಡಿಯುತ್ತದೆ. ಮೊಟ್ಟೆಗಳೂ ಬಹುಪಾಲು ಅಲ್ಲಿಯೇ ಬೀಳುವುದರಿಂದ ಆ ಬಟ್ಟೆಯನ್ನು ಬಿಸಿನೀರಿಗೆ ಹಾಕಿದರೆ ಅರ್ಧ ಕೆಲಸ ಆದಂತೆ.

ಇದರ ಜೊತೆಗೆ ಬೆಕ್ಕಿಗೆಂದೇ ತಯಾರಾದ ಫಿಪ್ರೋನಿಲ್ ಅಥವಾ ಸೆಲಾಮೆಕ್ಟಿನ್ ಹನಿಯನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ತಿಂಗಳಿಗೊಮ್ಮೆ, ನಾಲಿಗೆ ಎಟುಕದಂತೆ ಹಿಂಗತ್ತಿನ ಚರ್ಮಕ್ಕೆ ಹಾಕಬೇಕು. ಫಿಪ್ರೋನಿಲ್ ಎಂಬ ಹೆಸರನ್ನು ಬೆಳೆಯ ಔಷಧದ ಡಬ್ಬಿಯ ಮೇಲೂ ನೀವು ನೋಡಿರುತ್ತೀರಿ. ಹೆಸರು ಒಂದೇ ಆದರೂ ಪ್ರಮಾಣ ಮತ್ತು ದ್ರಾವಣ ಬೇರೆ. ಹೊಲದ ಔಷಧವನ್ನು ಬೆಕ್ಕಿಗೆ ಹಾಕಬೇಡಿರಿ. ಮನೆಯ ನಾಯಿಗೂ ಅದರದೇ ಔಷಧದಿಂದ ಏಕಕಾಲಕ್ಕೆ ಉಪಚಾರವಾಗಬೇಕು. ಬೆಕ್ಕಿನ ಚಿಗಟವೇ ನಾಯಿಯ ಮೇಲೆ, ಮೇಕೆ ಮರಿಯ ಮೇಲೆ, ಕರುವಿನ ಮೇಲೆ ಸಹ ಬದುಕುತ್ತದೆ. ಎರಡು ತಿಂಗಳು ಬಿಡದೆ ಹೀಗೆ ಮಾಡಿದರೆ ಅನೇಕ ಬೆಕ್ಕುಗಳ ಹುಣ್ಣು ಮಾಯುತ್ತದೆ. ಆಹಾರದ ತಂಟೆಗೇ ಹೋಗಬೇಕಾಗುವುದಿಲ್ಲ.

ಮೂಗಿನ ಸೇತುವೆ ಮತ್ತು ಕಿವಿಯ ತುದಿಯಲ್ಲಿ ಮಾತ್ರ ಗುಳ್ಳೆ, ಹಕ್ಕಳೆ ಎದ್ದು, ಮಳೆಗಾಲದಲ್ಲಿ ಹೆಚ್ಚಾಗುತ್ತಿದ್ದರೆ ಸೊಳ್ಳೆ ಕಡಿತದ ಅಲರ್ಜಿಯನ್ನು ಶಂಕಿಸಬೇಕು. ಒಂದೆರಡು ವಾರ ಬೆಕ್ಕನ್ನು ಹೊತ್ತು ಮುಳುಗುವ ಮುನ್ನ ಸೊಳ್ಳೆ ಪರದೆ ಹಾಕಿದ ಕೋಣೆಗೆ ಸೇರಿಸಿ ನೋಡಿದರೆ ಗೊತ್ತಾಗುತ್ತದೆ. ತೋಟದಲ್ಲಿ ಮೇಲ್ಮುಖವಾಗಿ ಬಿದ್ದ ಕರಟ, ಎಳನೀರು ಬುರುಡೆ, ಮಟ್ಟೆ ಗುಂಡಿ ಇವುಗಳಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳುವುದು ಬೆಕ್ಕಿಗಷ್ಟೇ ಅಲ್ಲ, ಡೆಂಗಿಯ ಕಾಲದಲ್ಲಿ ಮನೆಯವರಿಗೂ ಬೇಕಾದ್ದು.

ಆಹಾರದ ಪರೀಕ್ಷೆ

ಚಿಗಟ, ಸೊಳ್ಳೆ ಎರಡನ್ನೂ ಹತೋಟಿಗೆ ತಂದ ಮೇಲೂ ವರ್ಷದ ಎಲ್ಲ ಕಾಲದಲ್ಲಿಯೂ ಮುಖ, ಕತ್ತು ಕೆರೆತ ನಿಲ್ಲದಿದ್ದರೆ ಆಗ ಆಹಾರವನ್ನು ಪರೀಕ್ಷಿಸಬೇಕು. ಬೆಕ್ಕುಗಳಲ್ಲಿ ದನದ ಮಾಂಸ, ಮೀನು, ಕೋಳಿಮಾಂಸಗಳ ಅಲರ್ಜಿ ಹೆಚ್ಚಾಗಿ ವರದಿಯಾಗಿದೆ, ಹಾಲಿನದೂ ಉಂಟು. ನಮ್ಮ ಕಡೆ ಕೆಲವು ಮನೆಗಳ ಬೆಕ್ಕಿಗೆ ಹಾಲು ಅನ್ನ, ಮೊಸರಿನಲ್ಲಿ ಕಲೆಸಿದ ಮುದ್ದೆ; ಬಾಡೂಟದ ಮನೆಗಳಲ್ಲಿ ಒಣಮೀನು, ಕೋಳಿಯ ಕರುಳು. ಆದ್ದರಿಂದ ಎಲ್ಲಕ್ಕಿಂತ ಸುಲಭವಾದ ಮೊದಲ ಹೆಜ್ಜೆ ಹಾಲು, ಮೊಸರು, ತುಪ್ಪ ನಿಲ್ಲಿಸುವುದು. ಬೆಳೆದ ಬೆಕ್ಕಿಗೆ ಹಾಲು ಅಗತ್ಯವಿಲ್ಲ. ಎಷ್ಟೋ ಬೆಕ್ಕುಗಳಿಗೆ ಅದರ ಸಕ್ಕರೆಯೇ ಅರಗದೆ ಭೇದಿಯಾಗುತ್ತದೆ.

ಪೂರ್ಣ ಪರೀಕ್ಷೆಯೆಂದರೆ ಬೆಕ್ಕು ಹಿಂದೆ ಎಂದೂ ತಿನ್ನದಿದ್ದ ಒಂದೇ ಒಂದು ಬಗೆಯ ಮಾಂಸವನ್ನು 8 ವಾರ ಕೊಡುವುದು. ಮೇಕೆ ಮಾಂಸದ ರುಚಿ ಕಾಣದ ಬೆಕ್ಕಿಗೆ ಅದೇ ಆದೀತು. ಉಪ್ಪು, ಖಾರ, ಮಸಾಲೆ ಇಲ್ಲದೆ ಬೇಯಿಸಬೇಕು. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತವನ್ನು ಕೆಡಿಸುತ್ತವೆ, ಹತ್ತಿರ ತರಬಾರದು. ಮೂರು ನಾಲ್ಕು ಕಿಲೋ ತೂಗುವ ಬೆಕ್ಕಿಗೆ ದಿನಕ್ಕೆ ಸುಮಾರು 120ರಿಂದ 150 ಗ್ರಾಂ ಬೇಯಿಸಿದ ಮಾಂಸ, ಸ್ವಲ್ಪ ಮೆತ್ತನೆಯ ಅನ್ನ ಸಾಕು. ಹಳೆಯ ಆಹಾರದಿಂದ ಹೊಸದಕ್ಕೆ ನಾಲ್ಕೈದು ದಿನಗಳಲ್ಲಿ ನಿಧಾನವಾಗಿ ಬದಲಾಯಿಸಬೇಕು. ಹಸಿದರೆ ತಾನೇ ತಿನ್ನುತ್ತದೆ ಎಂದು ಬಿಟ್ಟುಬಿಡುವುದು ಬೆಕ್ಕಿನ ವಿಷಯದಲ್ಲಿ ಅಪಾಯ. ಎರಡು ಮೂರು ದಿನ ಏನೂ ತಿನ್ನದಿದ್ದರೆ ಅದರ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಕಾಮಾಲೆಯಾಗಬಹುದು. ಬರಿಯ ಮಾಂಸದಲ್ಲಿ ಸುಣ್ಣದ ಅಂಶ ಸಾಲದು. ಹೀಗಾಗಿ ಇದು ಬೆಳೆದ ಬೆಕ್ಕಿಗೆ, ಎರಡು ತಿಂಗಳ ಮಟ್ಟಿಗೆ, ವೈದ್ಯರಿಗೆ ತಿಳಿಸಿ ಮಾಡುವ ಪರೀಕ್ಷೆ. ಬೆಳೆಯುವ ಮರಿಗೆ ಬೇಡ.

ಮಾಂಸ ಬೇಯಿಸದ ಮನೆಯವರು ಏನು ಮಾಡಬೇಕು? ಇದು ನ್ಯಾಯವಾದ ಪ್ರಶ್ನೆ. ಪ್ರೋಟೀನನ್ನು ಅಲರ್ಜಿ ಬಾರದಷ್ಟು ಸಣ್ಣದಾಗಿ ಒಡೆದು ತಯಾರಿಸಿದ ಪೊಟ್ಟಣದ ಆಹಾರ ಸಾಕುಪ್ರಾಣಿಗಳ ಅಂಗಡಿಗಳಲ್ಲಿ ದೊರೆಯುತ್ತದೆ. ಬೆಲೆ ಹೆಚ್ಚು, ಅದರ ಮೂಲವೂ ಬಹುಪಾಲು ಮಾಂಸವೇ. ಮನೆಯಲ್ಲಿ ಒಪ್ಪಿದರೆ, ಬೆಕ್ಕು ಹಿಂದೆ ತಿಂದಿರದಿದ್ದರೆ, ಬೇಯಿಸಿದ ಮೊಟ್ಟೆಯಿಂದ ಪರೀಕ್ಷೆ ಮಾಡಬಹುದು. ಒಂದು ಮಾತನ್ನು ಮಾತ್ರ ಮುಚ್ಚಿಡದೆ ಹೇಳಬೇಕು: ಬೆಕ್ಕು ಹುಟ್ಟಾ ಮಾಂಸಾಹಾರಿ. ಟಾರಿನ್ ಎಂಬ ಪೋಷಕಾಂಶ ಸಾಲದಿದ್ದರೆ ಬೆಕ್ಕಿನ ಕಣ್ಣು ಕುರುಡಾಗುತ್ತದೆಂದು 1975ರಲ್ಲಿ, ಹೃದಯ ಹಿಗ್ಗಿ ಸೋಲುತ್ತದೆಂದು 1987ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟರು. ಅನ್ನ, ಮುದ್ದೆಯಲ್ಲಿ ಟಾರಿನ್ ಇಲ್ಲ. ಹಾಲಿನಲ್ಲಿರುವುದು ತೀರಾ ಅತ್ಯಲ್ಪ. ಗಜ್ಜರಿಯಿಂದ ಎ ಜೀವಸತ್ವ ಮಾಡಿಕೊಳ್ಳುವ ಶಕ್ತಿಯೂ ಬೆಕ್ಕಿಗಿಲ್ಲ. ಚರ್ಮಕ್ಕೆ ಬೇಕಾದ ಕೆಲವು ಕೊಬ್ಬಿನಾಮ್ಲಗಳು ಪ್ರಾಣಿಮೂಲದಿಂದಲೇ ಬರಬೇಕು. ಕೊಬ್ಬರಿಯಲ್ಲಿ ಅವು ಇಲ್ಲ. ಹಾಲು ಅನ್ನದ ಮನೆಯ ಬೆಕ್ಕನ್ನು ಇಷ್ಟು ದಿನ ಬದುಕಿಸಿದ್ದು ನಮ್ಮ ಹಾಲಲ್ಲ, ಅದು ಹಿಡಿದು ತಿಂದ ಇಲಿ.

ಪರೀಕ್ಷೆಯ ದೊಡ್ಡ ತೊಡಕೂ ಇಲ್ಲಿಯೇ ಇದೆ. ಎಂಟು ವಾರ ಬೆಕ್ಕು ಇಲಿ ಹಿಡಿಯಬಾರದು, ಪಕ್ಕದ ಮನೆಯ ಒಲೆಯ ಬಳಿ ಹೋಗಬಾರದು, ಮಕ್ಕಳು ಬಿಸ್ಕತ್ತು ಎಸೆಯಬಾರದು. ಒಂದು ದಿನ ತಪ್ಪಿದರೆ ಲೆಕ್ಕ ಕೆಡುತ್ತದೆ. ಆದ್ದರಿಂದ ಇದನ್ನೂ ಅಟ್ಟ ಖಾಲಿ ಇರುವ ಕಾಲಕ್ಕೆ ಇಟ್ಟುಕೊಳ್ಳುವುದು ಜಾಣತನ. ಅಟ್ಟದ ಶುದ್ಧಿ ಮತ್ತು ಬೆಕ್ಕಿನ ಗೃಹಬಂಧನ ಒಟ್ಟಿಗೆ ನಡೆಯುತ್ತವೆ. ತುರಿಕೆ ಕಡಿಮೆಯಾದರೆ ಎಂಟು ವಾರದ ನಂತರ ಹಳೆಯ ಆಹಾರವನ್ನು ಒಂದೊಂದಾಗಿ, ಎರಡೆರಡು ವಾರ ಕೊಟ್ಟು ನೋಡಬೇಕು. ಯಾವುದರಿಂದ ಕೆರೆತ ಮರಳಿತೋ ಅದೇ ಕಳ್ಳ. ಉಳಿದದ್ದನ್ನು ಧಾರಾಳವಾಗಿ ಕೊಡಬಹುದು. ಗೋಡೆಯ ಕ್ಯಾಲೆಂಡರಿನಲ್ಲಿ ಕೊಟ್ಟ ಆಹಾರ ಮತ್ತು ಕೆರೆತದ ಗುರುತು ಹಾಕುತ್ತ ಬಂದರೆ ವೈದ್ಯರಿಗೆ ಅದಕ್ಕಿಂತ ಒಳ್ಳೆಯ ದಾಖಲೆ ಬೇಕಿಲ್ಲ.

ವೈದ್ಯರ ಉಪಚಾರ

ಕಾರಣ ಹುಡುಕುವಷ್ಟು ಕಾಲ ಬೆಕ್ಕು ನರಳಬೇಕಾಗಿಲ್ಲ. ವೈದ್ಯರು ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಕೊಟ್ಟರೆ ಹುಣ್ಣು ಬೇಗ ಇಳಿಯುತ್ತದೆ. ತುಟಿಯ ಹುಣ್ಣು, ಉಬ್ಬಿದ ಗಾಯಗಳಿಗೆ ಇದು ಬೇಕಾಗುವುದೇ ಹೆಚ್ಚು. ಇದನ್ನು ಹೇಳಿದಷ್ಟು ದಿನ ಕೊಟ್ಟು ಕ್ರಮೇಣ ಇಳಿಸಬೇಕು, ಥಟ್ಟನೆ ನಿಲ್ಲಿಸಬಾರದು. ಗುಣ ಕಂಡಿತೆಂದು ತಿಂಗಳು ತಿಂಗಳು ದೀರ್ಘಕಾಲದ ಸೂಜಿಮದ್ದು ಹಾಕಿಸುವ ರೂಢಿ ಒಳ್ಳೆಯದಲ್ಲ, ಬೆಕ್ಕಿಗೆ ಸಕ್ಕರೆ ಕಾಯಿಲೆ ಬರುವ ಸಂಭವವಿದೆ. ಕೀವಾಗಿದ್ದರೆ ಆ್ಯಂಟಿಬಯೋಟಿಕ್ ಬೇಕಾದೀತು. ಸ್ಟೀರಾಯ್ಡ್ ಒಗ್ಗದ ಬೆಕ್ಕಿಗೆ ಸೈಕ್ಲೋಸ್ಪೋರಿನ್ ಇದೆ, ಅದು ದುಬಾರಿ. ಸ್ಥಳೀಯ ಪಶುಚಿಕಿತ್ಸಾಲಯದಲ್ಲಿ ತೀರ್ಮಾನವಾಗದ ಹುಣ್ಣಿನ ಚೂರನ್ನು ತೆಗೆದು ಪರೀಕ್ಷಿಸಬೇಕಾದರೆ ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.

ಮನೆಯಲ್ಲಿ ಮಾಡಬಹುದಾದ ಶುಶ್ರೂಷೆ ಸರಳ. ಅರ್ಧ ಲೀಟರು ಕುದಿಸಿ ಆರಿಸಿದ ನೀರಿಗೆ ಒಂದು ಚಹಾ ಚಮಚ ಉಪ್ಪು ಕರಗಿಸಿ, ದಿನಕ್ಕೆರಡು ಬಾರಿ ಹತ್ತಿಯಿಂದ ಒರೆಸಿ ಒಣಗಿಸುವುದು. ನೆಕ್ಕದಂತೆ ಕೊರಳಿಗೆ ಹಾಕುವ ಪ್ಲಾಸ್ಟಿಕ್ ಕೊಳವೆ ಸಿಗದಿದ್ದರೆ ನೆನೆಸಿದ ಅಡಿಕೆ ಹಾಳೆಯನ್ನು ಆಲಿಕೆಯಾಕಾರಕ್ಕೆ ಕತ್ತರಿಸಿ, ಅಂಚಿಗೆ ಬಟ್ಟೆ ಹೊಲಿದು ಕಟ್ಟಬಹುದು. ಕೊರಳು ಮತ್ತು ಹಾಳೆಯ ನಡುವೆ ಎರಡು ಬೆರಳು ಹೋಗುವಷ್ಟು ಸಡಿಲವಿರಲಿ.

ಬೆಕ್ಕು ಕೋಣೆಯಲ್ಲಿರುವ ಈ ಎಂಟು ವಾರ ಇಲಿಗೆ ಬೋನು ಇಡಿರಿ, ವಿಷ ಇಡಬೇಡಿರಿ. ಸತುವಿನ ಫಾಸ್ಫೈಡ್ ಅಥವಾ ಬ್ರೋಮಾಡಿಯೋಲೋನ್ ತಿಂದ ಇಲಿ ಅಟ್ಟದ ಸಂದಿಯಲ್ಲಿ ಸತ್ತು ಬಿದ್ದಿದ್ದರೆ, ಬಿಡುಗಡೆಯಾದ ಬೆಕ್ಕು ಮೊದಲು ಹುಡುಕಿ ತಿನ್ನುವುದು ಅದನ್ನೇ.